ಬರೆದವರು ಒಬ್ಬರು, ಹೆಸರು ಇನ್ನೊಬ್ಬರದು

ಕೃತಿಚೌರ್ಯ ಎಂದ ಕೂಡಲೆ ನಮಗೆ ನೆನಪಾಗುವುದು ಕಥೆ, ಕವನ, ಸಿನಿಮಾ ಹಾಡು. ಆದರೆ ವಿಜ್ಞಾನ ಪತ್ರಿಕೆಗಳಲ್ಲೂ ಈ ಕಳ್ಳತನಕ್ಕೆ ದೊಡ್ಡ ಇತಿಹಾಸವೇ ಇದೆ!

1970ರ ದಶಕದ ಕೊನೆಯಲ್ಲಿ ಇಲಿಯಾಸ್ ಅಲ್‌ಸಬ್ತಿ ಎಂಬ ಇರಾಕಿನವನು ಅಮೆರಿಕಕ್ಕೆ ಬಂದ. ಫಿಲಡೆಲ್ಫಿಯಾದ ಒಂದು ಪ್ರಯೋಗಾಲಯದಲ್ಲಿ ಅವನ ಅಂಕಿ ಅಂಶಗಳೇ ಸುಳ್ಳು ಎಂದು ಗೊತ್ತಾಗಿ ಹೊರಗೆ ಹಾಕಿದರು. ಸದ್ದಿಲ್ಲದೆ ಹಾಕಿದರು, ಅಷ್ಟೆ. ಅವನು ಹ್ಯೂಸ್ಟನ್‌ನ ದೊಡ್ಡ ಕ್ಯಾನ್ಸರ್ ಆಸ್ಪತ್ರೆ ಸೇರಿಕೊಂಡ. ಅಲ್ಲಿನ ಸಂಶೋಧಕರೊಬ್ಬರು 1975ರಲ್ಲೇ ತೀರಿಕೊಂಡಿದ್ದರು. ಅದು ತಿಳಿಯದ ಯುರೋಪಿನ ಪತ್ರಿಕೆಯೊಂದು, ಕಾನ್ಸಾಸ್‌ನ ವಿದ್ಯಾರ್ಥಿಯೊಬ್ಬರ ಲೇಖನವನ್ನು ಪರಿಶೀಲನೆಗೆಂದು ಅವರ ಹೆಸರಿಗೇ ಕಳಿಸಿತು. ಅದು ಅಲ್‌ಸಬ್ತಿಯ ಕೈಗೆ ಸಿಕ್ಕಿತು. ಅಲ್ಪಸ್ವಲ್ಪ ಬದಲಿಸಿ, ಮತ್ತೆ ಟೈಪ್ ಮಾಡಿ ಜಪಾನಿನ ಪತ್ರಿಕೆಗೆ ಕಳಿಸಿದ. ಮೂಲ ಲೇಖನಕ್ಕಿಂತ ಮೊದಲೇ ನಕಲು ಅಚ್ಚಾಯಿತು! ಬರೆದವನೇ ಕಳ್ಳನಂತೆ ಕಾಣುವ ಪರಿಸ್ಥಿತಿ.

1980ರಲ್ಲಿ ವಿಷಯ ಬಯಲಾಯಿತು. ಅವನ ಹೆಸರಿನಲ್ಲಿ ಸುಮಾರು 60 ಲೇಖನಗಳಿದ್ದವು, ಎಷ್ಟೋ ಅಕ್ಷರಶಃ ಕದ್ದವು. ಒಂದು ಸಂಸ್ಥೆ ಬಾಯಿ ಬಿಟ್ಟಿದ್ದರೆ ಮುಂದಿನ ಸಂಸ್ಥೆ ಮೋಸಹೋಗುತ್ತಿರಲಿಲ್ಲ.

ಸಂಪಾದಕರು ಪರಸ್ಪರ ಮಾತಾಡಿಕೊಳ್ಳಬೇಕು ಎಂಬುದು ನಿಧಾನವಾಗಿ ಅರ್ಥವಾಯಿತು. 1997ರಲ್ಲಿ ಬ್ರಿಟನ್ನಿನ ಕೆಲವು ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಸೇರಿ 'ಕೋಪ್' ಎಂಬ ಸಮಿತಿ ಮಾಡಿಕೊಂಡರು. ಅದು ಹೇಳುವ ಕ್ರಮ ಸರಳ: ಮೊದಲು ಲೇಖಕರಿಂದ ವಿವರಣೆ ಕೇಳಿ, ಉತ್ತರ ಸರಿಯಿಲ್ಲದಿದ್ದರೆ ಅವರ ಸಂಸ್ಥೆಗೆ ತಿಳಿಸಿ, ನಕಲು ಖಚಿತವಾದರೆ ಎಲ್ಲರಿಗೂ ಕಾಣುವಂತೆ ಲೇಖನ ಹಿಂತೆಗೆದುಕೊಳ್ಳಿ. 2008ರಲ್ಲಿ ಪ್ರಕಾಶಕರು ಒಟ್ಟಾಗಿ 'ಕ್ರಾಸ್‌ಚೆಕ್' ತಂದರು. ಬಂದ ಲೇಖನವನ್ನು ಹಳೆಯ ಲೇಖನಗಳ ಜೊತೆ ಹೋಲಿಸುವ ಕೆಲಸವನ್ನು ಕಂಪ್ಯೂಟರ್ ವಹಿಸಿಕೊಂಡಿತು.

ನಮ್ಮ ದೇಶದ ಕಥೆ ಬೇಕೆ? 2002ರಲ್ಲಿ ಕುಮಾವೂ ವಿಶ್ವವಿದ್ಯಾಲಯದ ಕುಲಪತಿಗಳ ಹೆಸರಿದ್ದ ಭೌತಶಾಸ್ತ್ರದ ಲೇಖನವೊಂದು ಸ್ಟ್ಯಾನ್‌ಫರ್ಡ್‌ನ ರೆನಾಟಾ ಕಲ್ಲೋಶ್ ಅವರ 1996ರ ಲೇಖನದ ನಕಲು ಎಂಬ ದೂರು ಎದ್ದಿತು. ಸ್ಟ್ಯಾನ್‌ಫರ್ಡ್‌ನ ವಿಜ್ಞಾನಿಗಳು, ಅವರಲ್ಲಿ ನೊಬೆಲ್ ಪಡೆದವರೂ ಇದ್ದರು, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಗೇ ಪತ್ರ ಬರೆದರು. ತನಿಖೆ ನಡೆದು 2003ರಲ್ಲಿ ಕುಲಪತಿ ರಾಜೀನಾಮೆ ಕೊಟ್ಟರು.

ಈಗ ನಮ್ಮ ನಿಮ್ಮ ಮನೆಯ ಮಕ್ಕಳು ಪಿಎಚ್‌ಡಿ ಮಾಡುವಾಗ ಯುಜಿಸಿಯ 2018ರ ನಿಯಮ ಎದುರಾಗುತ್ತದೆ. ಶೇ. 10ರವರೆಗಿನ ಹೋಲಿಕೆಗೆ ಶಿಕ್ಷೆಯಿಲ್ಲ. ಶೇ. 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು, ಶೇ. 60ರವರೆಗೆ ಒಂದು ವರ್ಷ ಪ್ರಬಂಧ ಸಲ್ಲಿಸುವಂತಿಲ್ಲ, ಅದಕ್ಕೂ ಮೀರಿದರೆ ನೋಂದಣಿಯೇ ರದ್ದು.

ಒಳ್ಳೆಯದೇ. ಆದರೆ ಯಂತ್ರ ಎಣಿಸುವುದು ಪದಗಳನ್ನು ಮಾತ್ರ. ಮಾತು ಬದಲಿಸಿ ವಿಚಾರ ಕದ್ದರೆ ಅದನ್ನು ಹಿಡಿಯಲು ವಿಷಯ ಬಲ್ಲ ಓದುಗನೇ ಬೇಕು. ಹಿಡಿದ ಮೇಲೆ, ಕದ್ದವರು ಎಷ್ಟೇ ದೊಡ್ಡವರಾಗಿರಲಿ, ಗಟ್ಟಿಯಾಗಿ ಹೇಳುವ ಧೈರ್ಯವೂ ಬೇಕು. ಅಲ್‌ಸಬ್ತಿ ಅಷ್ಟು ದೂರ ಹೋಗಲು ಅವನ ಜಾಣತನಕ್ಕಿಂತ ಉಳಿದವರ ಮೌನವೇ ದೊಡ್ಡ ಕಾರಣ.