ರಾಗಿ ಮನೆಗೆ ಬರೋ ಮುಂಚೆ: ನಮ್ಮ ಸೀಮೆಯ ಮಿದ್ದೆ ಮನೆಗಳ ಕಥೆ

ನಮ್ಮ ಕೋಲಾರದ ಸೀಮೇಲಿ ಚಳಿ ಒಂದೇ ಬರಲ್ಲ ಕಣ್ರಮ್ಮ, ಮಳೆ ಕೈ ಹಿಡ್ಕಂಡೇ ಬರ್ತೈತೆ. ಮಲೆನಾಡಿಗೆ ಆಷಾಢದಲ್ಲಿ ಸುರಿದ್ರೆ, ನಮಗೆ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಬಂಗಾಳ ಕೊಲ್ಲೀಲಿ ಗಾಳಿ ಎದ್ರೆ ಕಾರ್ತೀಕದಲ್ಲೂ ಜಡಿ ಹಿಡಿತೈತೆ. ಅದರ ಹಿಂದೇನೇ ಧನುರ್ಮಾಸದ ಚಳಿ. ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿರೋ ಊರುಗಳಲ್ಲವಾ ನಮ್ಮವು! ಅದಕ್ಕೇ ಹಿರಿಯರು ದಸರಾದಿಂದ ಸಂಕ್ರಾಂತಿವರೆಗೆ ಮನೆ ಕೆಲಸಕ್ಕೆ ಒಂದು ವರಸೆ ಇಟ್ಕಂಡಿದ್ರು. ಮೊದಲು ಮಾಳಿಗೆ, ಆಮೇಲೆ ಗೋಡೆ, ಕೊನೆಗೆ ನೆಲ.

ಮಣ್ಣಿನ ಮಾಳಿಗೆ ಮನೆಗೆ ನಮ್ಮ ಕಡೆ ತೆಲುಗು ಬೆರೆತ ಮಾತಲ್ಲಿ ಮಿದ್ದೆ ಮನೆ ಅಂತೀವಿ. ತೊಲೆ ಮೇಲೆ ಜಂತೆ, ಜಂತೆ ಮೇಲೆ ಸೊಪ್ಪು ಸದೆ, ಅದರ ಮೇಲೆ ಮಣ್ಣು, ಎಲ್ಲಾದಕ್ಕೂ ಮೇಲೆ ಚೌಳು ಮಣ್ಣು. ಅಗಸರು ಬಟ್ಟೆ ಒಗೆಯಕ್ಕೆ ತರ್ತಿದ್ದ ಚೌಳೇ ಇದು. ಇದರಲ್ಲಿ ಕ್ಷಾರ ಜಾಸ್ತಿ. ನೀರು ಬಿದ್ರೆ ಸಣ್ಣ ಸಣ್ಣ ಕಣ ಬಿಡಿಯಾಗಿ ಸಂದುಗಳಲ್ಲಿ ಕೂತ್ಕಂತವೆ, ನೀರು ಕೆಳಗೆ ಇಳಿಯಲ್ಲ. ಹುಲ್ಲೂ ಸಲೀಸಾಗಿ ಹುಟ್ಟಲ್ಲ. ಬೆಳೆಗೆ ಬಾರದ ಮಣ್ಣು ಜನರ ತಲೆ ಕಾಯ್ತಿತ್ತು ನೋಡಿ! ಆದ್ರೆ ವರ್ಷಾ ವರ್ಷಾ ನೋಡ್ಕೋಬೇಕು. ಗಿಡ ಕೀಳೋದು, ಇಲಿ ಬಿಲ ಮುಚ್ಚೋದು, ಹೊಸ ಚೌಳು ಹಾಕಿ ತುಳಿಯೋದು, ನೀರು ಹೋಗೋ ದೋಣಿ ಬಿಡಿಸೋದು. ಒಂದು ವರ್ಷ ಬಿಟ್ರೆ ಮಳೆ ಅಡುಗೆ ಮನೆಗೇ ಇಳೀತಿತ್ತು.

ಮಳೆ ಕಳೆದ ಮೇಲೆ ಗೋಡೆ. ಸುಣ್ಣದ ಕಲ್ಲು ನೀರಿಗೆ ಹಾಕಿದ್ರೆ ಕೊತಕೊತ ಕುದಿಯೋದು. ಅದು ಆರಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ, ನಾರಿನ ಕುಂಚದಲ್ಲಿ ಬಳಿಯೋದು. ಬಳಿದ ಸುಣ್ಣ ಗಾಳೀಲಿರೋ ಇಂಗಾಲದ ಡೈಆಕ್ಸೈಡ್ ಹೀರ್ಕಂಡು ನಿಧಾನಕ್ಕೆ ಮತ್ತೆ ಕಲ್ಲಾಗ್ತೈತೆ. ಮಣ್ಣಿನ ಗೋಡೆ ಹೀರಿದ ಥಂಡಿ ಅದರ ಮೂಲಕ ಹೊರಗೆ ಹೋಗ್ತೈತೆ. ಸಂದೀಲಿರೋ ಹುಳ ಹುಪ್ಪಟೆಗೂ ಸುಣ್ಣ ಆಗಲ್ಲ. ಗೋಡೆ ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ.

ಕೊನೆಗೆ ನೆಲ. ಇದಕ್ಕೆ ಗಡುವು ರಾಗಿದು. ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲು. ಕಣ, ಅಂಗಳ, ಒಳಮನೆ ಎಲ್ಲಾ ಸಗಣಿ ಸಾರಿಸಿ ಒಣಗಿಸಬೇಕು. ಮನೇಲಿ ಥಂಡಿ ಇದ್ರೆ ವಾಡೇಲಿ ತುಂಬಿದ ಕಾಳಿಗೆ ಬೂಷ್ಟು. ಚಳಿಗಾಲದ ತಯಾರಿ ಅಂದ್ರೆ ವರ್ಷದ ಮುದ್ದೆಗೂ ತಯಾರಿ.

ಬರಬರುತ್ತಾ ಮಾಳಿಗೆ ಬದಲಾಯ್ತು. ಮಂಗಳೂರಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನೋರು ಹೆಂಚಿನ ಕಾರ್ಖಾನೆ ಶುರು ಮಾಡಿದ್ರು. ಆಮೇಲೆ ನಮ್ಮ ಮಾಲೂರಲ್ಲೂ ಜೇಡಿಮಣ್ಣು ನಂಬ್ಕಂಡು ಹೆಂಚು, ಇಟ್ಟಿಗೆ ಕಾರ್ಖಾನೆಗಳು ಎದ್ದವು. ಕಲ್ಲು ಚಪ್ಪಡಿ ಹೊದಿಸಿದ ಮನೆಗಳೂ ನಮ್ಮಲ್ಲಿ ಬೇಕಾದಷ್ಟು ಅವೆ. ಆಮೇಲೆ ಆರ್‌ಸಿಸಿ ಬಂತು, ಚೌಳು ಹೊರೋದು ತಪ್ತು.

ಬಿ.ಎಲ್. ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನ ಒಂದು ದೊಡ್ಡ ಪುಸ್ತಕವಾಗಿ ಅಚ್ಚು ಹಾಕಿಸಿದ್ರು. ಕೆರೆ ಕಟ್ಟಿಸಿದೋರು, ಗುಡಿಗೆ ದಾನ ಕೊಟ್ಟೋರು ಕಲ್ಲಲ್ಲಿ ಉಳಿದ್ರು. ಸುಣ್ಣ ಕಲಸಿ ಅಂಗೈ ಸುಟ್ಟುಕೊಂಡೋರು, ಮಂಡಿ ಊರಿ ನೆಲ ಸಾರಿಸಿದೋರು ಯಾವ ಕಲ್ಲಲ್ಲೂ ಇಲ್ಲ. ಅವರ ಬರಹ ಗೋಡೆ ಮೇಲೇ ಇತ್ತು, ವರ್ಷಕ್ಕೊಂದು ಪದರ. ಹಳೇ ಮನೆ ಕೆಡವುವಾಗ ಸುಣ್ಣದ ಹೆಕ್ಕಳೆ ನೋಡಿ, ಒಂದರ ಮೇಲೆ ಒಂದು ಎಷ್ಟು ಸಂಕ್ರಾಂತಿ ಕೂತಿರ್ತವೆ!

2021ರ ನವೆಂಬರ್ ಮಳೆ ನೆನಪೈತಲ್ಲಾ? ಎಷ್ಟೋ ವರ್ಷದಿಂದ ಒಣಗಿದ್ದ ಕೆರೆಗಳು ಕೋಡಿ ಹೋದವು. ಆ ಖುಷಿ ಜೊತೇಲೇ ಹಳ್ಳಿಗಳಲ್ಲಿ ಮಣ್ಣಿನ ಗೋಡೆಗಳೂ ಕುಸಿದವು. ಮಣ್ಣಿನ ಮನೇಲಿ ಈಗಲೂ ಇರೋರು ಹೆಚ್ಚಾಗಿ ವಯಸ್ಸಾದೋರು, ಒಂಟಿ ಹೆಂಗಸ್ರು. ಮಾಳಿಗೆ ಹತ್ತಿ ನೋಡೋ ಕೈ ಅಲ್ಲಿಲ್ಲ.

ಅದಕ್ಕೇ ಹೇಳ್ತೀನಿ, ಈ ದಸರಾ ಕಳೆದ ಮೇಲೆ ಒಂದು ಬಿಸಿಲು ದಿನ ನಿಮ್ಮ ತಾರಸಿ ಹತ್ತಿ. ನೀರಿನ ಪೈಪಲ್ಲಿ ಎಲೆ ಕಟ್ಕಂಡೈತಾ, ಮೂಲೇಲಿ ಬಿರುಕು ಬಿಟ್ಟೈತಾ ನೋಡಿ. ಹಳೇ ಮಣ್ಣಿನ ಗೋಡೆ ಇದ್ರೆ ಮೇಲೆ ಸಿಮೆಂಟು ಮೆತ್ತಬೇಡಿ, ಥಂಡಿ ಒಳಗೇ ಸಿಕ್ಕಾಕ್ಕೊಂಡು ಗೋಡೆ ಕೊಳೀತೈತೆ, ಸುಣ್ಣಾನೇ ಬಳೀರಿ. ಹಂಗೇ ಬೀದೀಲಿರೋ ಅಜ್ಜಿ ಮನೆ ಕಡೆನೂ ಒಂದು ಕಣ್ಣು ಹಾಕಿ, ಮಕ್ಕಳನ್ನ ಮಾಳಿಗೆ ಹತ್ತಿಸಿ. ಮಿದ್ದೆ ಮನೆ ಇದ್ದ ಕಾಲದಲ್ಲೂ ಚೌಳು ಒಬ್ಬರೇ ತುಳೀತಿರಲಿಲ್ಲ.