ಕಡಿಮೆ ವಾಟಿನ ಆಂಪ್ ಸಬ್‌ವೂಫರನ್ನು ಸುಡುತ್ತದೆಯೇ?

ಸಬ್‌ವೂಫರಿಗೆ ಅದರ ಅಳತೆಗಿಂತ ಚಿಕ್ಕ ಆಂಪ್ಲಿಫೈಯರ್ ಕೊಟ್ಟರೆ ವಾಯ್ಸ್ ಕಾಯಿಲ್ ಸುಟ್ಟುಹೋಗುತ್ತದೆ ಎಂಬ ಮಾತು ಕಾರ್ ಆಡಿಯೊ ವಲಯದಲ್ಲಿ ಗಟ್ಟಿಯಾಗಿ ಬೇರೂರಿದೆ. ಲೆಕ್ಕ ಹಾಕಿ ನೋಡಿದರೆ ಇದು ಎಲ್ಲ ಕಡೆಯೂ ನಿಲ್ಲುವ ಮಾತಲ್ಲ.

500 ವಾಟ್ ಆರ್‌ಎಂಎಸ್ ತಾಳುವ, 4 ಓಮಿನ ಎರಡು ಕಾಯಿಲ್‌ಗಳಿರುವ ಒಂದು ಸಬ್‌ವೂಫರನ್ನು ತೆಗೆದುಕೊಳ್ಳೋಣ. ಕಾಯಿಲ್‌ಗಳನ್ನು ಸಮಾಂತರವಾಗಿ ಜೋಡಿಸಿದರೆ ಆಂಪಿನ ಮೇಲೆ ಬೀಳುವ ಲೋಡ್ 2 ಓಮ್, ಸರಣಿಯಲ್ಲಾದರೆ 8 ಓಮ್. 2 ಓಮಿಗೆ 250 ವಾಟ್ ಕೊಡುವ ಮೋನೊ ಆಂಪ್ ಹೊರಡಿಸುವುದು ಸುಮಾರು 22.4 ವೋಲ್ಟ್, ಅಲೆಯ ತುದಿಯಲ್ಲಿ 31.6 ವೋಲ್ಟ್. ಗೇನ್ ಎಷ್ಟೇ ತಿರುಗಿಸಿದರೂ ವೋಲ್ಟೇಜ್ ಆ ತುದಿಯನ್ನು ದಾಟದು. ಅಲೆಯ ನೆತ್ತಿ ಚಪ್ಪಟೆಯಾಗುತ್ತ ಹೋಗುತ್ತದೆ. ಇದೇ ಕ್ಲಿಪ್ಪಿಂಗ್. ಪೂರ್ತಿ ಚೌಕಾಕಾರವಾದ ಅಲೆಯ ಶಕ್ತಿ ಅದೇ ಎತ್ತರದ ಸೈನ್ ಅಲೆಯ ಎರಡರಷ್ಟು, ಅಂದರೆ ಇಲ್ಲಿ 500 ವಾಟ್. ಹೀಗೆ ಅತಿ ಕೆಟ್ಟ ಬಳಕೆಯಲ್ಲೂ ಈ ಆಂಪ್ ಕಾಯಿಲಿನ ಮಿತಿಯವರೆಗೆ ಹೋಗಬಲ್ಲದೇ ಹೊರತು ಅದನ್ನು ದಾಟಲಾರದು. ಕಾಯಿಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ್ದರಂತೂ ಅದೇ 22.4 ವೋಲ್ಟಿಗೆ ಸಿಗುವುದು ಬರೀ 62.5 ವಾಟ್.

ಚಪ್ಪಟೆಯಾದ ಅಲೆ ಎಂದರೆ ಡಿಸಿ ಕರೆಂಟ್, ಅದೇ ಕಾಯಿಲನ್ನು ಸುಡುತ್ತದೆ ಎಂಬ ವಿವರಣೆಯೂ ಸರಿಯಲ್ಲ. ಚೌಕ ಅಲೆ ಮರುಕ್ಷಣವೇ ಅಷ್ಟೇ ಪ್ರಮಾಣದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಅದರ ಸರಾಸರಿ ಸೊನ್ನೆ. ಕಾಯಿಲನ್ನು ಸುಡುವುದು ಶಾಖ, ಶಾಖಕ್ಕೆ ಕಾರಣ ಸರಾಸರಿ ವಾಟ್.

ಹಾಗಾದರೆ ಈ ನಂಬಿಕೆ ಹುಟ್ಟಿದ್ದು ಸುಮ್ಮನೆಯೇ? ಅಲ್ಲ. ಅದೇ ಸಬ್‌ವೂಫರಿಗೆ 400 ವಾಟಿನ ಆಂಪ್ ಹಾಕಿದರೆ ಹೆಸರಿಗೆ ಅದು ಚಿಕ್ಕದೇ, ಆದರೆ ಕ್ಲಿಪ್ ಆದಾಗ 800 ವಾಟಿನತ್ತ ಏರಬಲ್ಲದು. ಸಂಗೀತದಲ್ಲಿ ಸಾಮಾನ್ಯವಾಗಿ ಸರಾಸರಿ ಶಕ್ತಿ ತುದಿಗಿಂತ ಬಹಳ ಕೆಳಗಿರುತ್ತದೆ, ಹೊಡೆತ ಹೊಡೆತದ ನಡುವೆ ಕಾಯಿಲ್ ತಣಿಯುತ್ತದೆ. ಕ್ಲಿಪ್ಪಿಂಗ್ ಆ ಬಿಡುವನ್ನೇ ಕಿತ್ತುಕೊಳ್ಳುತ್ತದೆ. ಇದರಲ್ಲಿ ಬಾಸ್ ಬೂಸ್ಟ್ ಗುಂಡಿಯ ಪಾಲು ದೊಡ್ಡದು: 6 ಡೆಸಿಬೆಲ್ ಏರಿಸಿದರೆ ಆ ಆವರ್ತನದಲ್ಲಿ ಆಂಪಿನಿಂದ ಕೇಳುವುದು ನಾಲ್ಕು ಪಟ್ಟು ಶಕ್ತಿ. ಸದ್ದು ಸಾಲದೆಂದು ಗುಂಡಿ ತಿರುಗಿಸುವ ಕೈಯೇ ಇಲ್ಲಿ ನಿಜವಾದ ಕಾರಣ ಎಂದು ನನ್ನ ಅಭಿಪ್ರಾಯ.

ಬಿಸಿಯಾದ ಕಾಯಿಲ್ ಓಮನ್ನೂ ಬದಲಿಸುತ್ತದೆ. ತಾಮ್ರದ ರೋಧ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.39 ಶೇಕಡಾ ಏರುತ್ತದೆ. 20 ಡಿಗ್ರಿಯಲ್ಲಿ 3.4 ಓಮ್ ತೋರಿಸಿದ ಕಾಯಿಲ್ 200 ಡಿಗ್ರಿಯಲ್ಲಿ 5.8 ಓಮಿನ ಹತ್ತಿರ ಇರುತ್ತದೆ. ಆಗ ಅದೇ ವೋಲ್ಟೇಜಿಗೆ ಶಕ್ತಿ ಇಳಿಯುತ್ತದೆ, ಸದ್ದು ತಗ್ಗುತ್ತದೆ, ಕೇಳುವವನು ಮತ್ತೆ ಗುಂಡಿಗೆ ಕೈ ಹಾಕುತ್ತಾನೆ. ಸುಟ್ಟ ಕಾಯಿಲಿನ ಗುರುತು ಹಿಡಿಯುವುದು ಕಷ್ಟವಲ್ಲ: ವಾರ್ನಿಶ್ ಕರಗಿದ ಕಮಟು ವಾಸನೆ, ಕೋನನ್ನು ಎರಡು ಕಡೆಯಿಂದ ಸಮವಾಗಿ ಒತ್ತಿದಾಗ ಒಳಗೆ ಗರಗರ ಉಜ್ಜುವ ಸದ್ದು.

ವಿದ್ಯುತ್ ಪೂರೈಕೆಯೂ ಲೆಕ್ಕಕ್ಕೆ ಬರಬೇಕು. ವೋಲ್ಟೇಜ್ ನಿಯಂತ್ರಣವಿಲ್ಲದ ಆಂಪಿನಲ್ಲಿ 14.4 ವೋಲ್ಟ್ 12ಕ್ಕೆ ಇಳಿದರೆ 250 ವಾಟಿನ ಆಂಪ್ 175 ವಾಟಿನ ಆಸುಪಾಸಿಗೆ ಬಂದು ನಿಲ್ಲುತ್ತದೆ. ಎಂಜಿನ್ ಓಡುವಾಗ ಸರಿಯಾಗಿದ್ದ ಗೇನ್, ನಿಲ್ಲಿಸಿದ ಕಾರಿನಲ್ಲಿ ಕ್ಲಿಪ್ ಆಗುವುದು ಇದರಿಂದಲೇ.

ಆದ್ದರಿಂದ ಹೊಂದಾಣಿಕೆ ಶುರುವಾಗಬೇಕಾದದ್ದು ಓಮಿನಿಂದ, ಆ ಓಮಿಗೆ ಆಂಪ್ ಕೊಡುವ ಆರ್‌ಎಂಎಸ್ ವಾಟಿನಿಂದ. ಡಬ್ಬದ ಮೇಲೆ ದಪ್ಪ ಅಕ್ಷರದ ‘ಮ್ಯಾಕ್ಸ್’ ಅಂಕಿಯಿಂದಲ್ಲ. ಸಿಇಎ-2006 ಮಾನದಂಡದ ಅಂಕಿ ಇದ್ದರೆ ಹೋಲಿಕೆ ಸುಲಭ, ಏಕೆಂದರೆ ಅದನ್ನು 14.4 ವೋಲ್ಟಿನಲ್ಲಿ, 4 ಓಮಿಗೆ, ಶೇಕಡಾ 1ಕ್ಕಿಂತ ಹೆಚ್ಚು ವಿರೂಪ ಬರದಂತೆ ಅಳೆದಿರುತ್ತಾರೆ. ಆಮೇಲೆ ಸಬ್‌ವೂಫರಿನ ವೈರ್ ಬಿಚ್ಚಿ, ಬಾಸ್ ಬೂಸ್ಟ್ ಸೊನ್ನೆಗೆ ತಂದು, ಎಂಜಿನ್ ಓಡುತ್ತಿರುವಾಗ 50 ಹರ್ಟ್ಸ್ ಟೋನ್ ಹಾಕಿ, ಮಲ್ಟಿಮೀಟರಿನ ಎಸಿ ಅಳತೆ, 2 ಓಮಿಗೆ 250 ವಾಟ್ ಕೊಡುವ ನಮ್ಮ ಆಂಪಿನಲ್ಲಾದರೆ, 22.4 ವೋಲ್ಟ್ ಮುಟ್ಟುವಲ್ಲಿಗೆ ಗೇನ್ ನಿಲ್ಲಿಸಬೇಕು.