ಒಂಟಿಗೈ ಪಿಸ್ತೂಲು ಶೂಟಿಂಗ್

ಒಂಟಿಗೈ ಪಿಸ್ತೂಲು ಶೂಟಿಂಗ್ ಎಂಬುದು ಯಾವ ಆಸರೆಯೂ ಇಲ್ಲದೆ ನಿಂತು, ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು ಗುರಿಗೆ ಹೊಡೆಯುವ ಸ್ಪರ್ಧಾತ್ಮಕ ಕ್ರೀಡೆ. ಒಲಿಂಪಿಕ್ಸ್‌ನ ಎಲ್ಲ ಪಿಸ್ತೂಲು ಸ್ಪರ್ಧೆಗಳಲ್ಲೂ ಈ ಕ್ರಮ ಕಡ್ಡಾಯವಾಗಿದ್ದು, ಮಣಿಕಟ್ಟಿಗೂ ಆಸರೆ ಇರುವಂತಿಲ್ಲ. 10 ಮೀಟರ್ ಏರ್ ಪಿಸ್ತೂಲು ವಿಭಾಗದಲ್ಲಿ ಪಿಸ್ತೂಲಿನ ತೂಕ 1.5 ಕಿ.ಗ್ರಾಂ ಮೀರಬಾರದು. ಅರ್ಹತಾ ಸುತ್ತಿನಲ್ಲಿ 75 ನಿಮಿಷಗಳಲ್ಲಿ 60 ಗುಂಡುಗಳನ್ನು ಹಾರಿಸಬೇಕು. ಹತ್ತು ಅಂಕದ ವೃತ್ತದ ವ್ಯಾಸ ಕೇವಲ 11.5 ಮಿ.ಮೀ.

ನಿಲುವು

ಬಲಗೈ ಶೂಟರ್ ತನ್ನ ಬಲ ಪಾರ್ಶ್ವವನ್ನು ಗುರಿಯತ್ತ ತಿರುಗಿಸಿ, ಪಾದಗಳನ್ನು ಭುಜದಗಲಕ್ಕೆ ಇಟ್ಟು ನಿಲ್ಲುತ್ತಾನೆ. ಮೊಣಕೈ ಮತ್ತು ಮಣಿಕಟ್ಟು ಬಿಗಿಯಾಗಿರುತ್ತವೆ. ಎಡಗೈಯನ್ನು ಜೇಬಿನಲ್ಲೋ ಸೊಂಟದ ಪಟ್ಟಿಯಲ್ಲೋ ಇಡುವುದು ಶೋಕಿಗಲ್ಲ. ತೂಗಾಡುವ ತೋಳು ದೇಹವನ್ನೂ ಅಲುಗಿಸುತ್ತದೆ. ಕಣ್ಣು ಮುಚ್ಚಿ ಕೈಯೆತ್ತಿ, ಮತ್ತೆ ಕಣ್ಣು ತೆರೆದಾಗ ಪಿಸ್ತೂಲು ಪಕ್ಕಕ್ಕೆ ಸರಿದಿದ್ದರೆ ತೋಳನ್ನು ಎಳೆದು ಸರಿಪಡಿಸದೆ ಹಿಂದಿನ ಪಾದವನ್ನು ಸರಿಸಬೇಕು.

ಗುರಿ ಮತ್ತು ಟ್ರಿಗರ್

ಚಾಚಿದ ಕೈ ಎಷ್ಟೇ ಪಳಗಿದರೂ ಪೂರ್ತಿ ನಿಶ್ಚಲವಾಗದು. ಹೊಸಬರು ಈ ನಡುಕಕ್ಕೆ ಅಂಜಿ, ಗುರಿ ಸರಿಕಂಡ ಕ್ಷಣದಲ್ಲೇ ಟ್ರಿಗರನ್ನು ಥಟ್ಟನೆ ಎಳೆಯುತ್ತಾರೆ. ನಿಜವಾದ ನಷ್ಟ ಆಗುವುದು ಆಗಲೇ. ಕೈ ಓರೆಯಾಗದೆ 1 ಮಿ.ಮೀ. ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುತ್ತದೆ. ಆದರೆ ಹಿಂದಿನ ಮತ್ತು ಮುಂದಿನ ಸೈಟ್‌ಗಳ ಅಂತರ 33 ಸೆಂ.ಮೀ. ಇದ್ದು, ಅವುಗಳ ಹೊಂದಾಣಿಕೆ 1 ಮಿ.ಮೀ. ತಪ್ಪಿದರೆ ಗುಂಡು ಸುಮಾರು 30 ಮಿ.ಮೀ. ಆಚೆ ಬಿದ್ದು, ಹತ್ತರ ಬದಲು ಏಳೇ ಅಂಕ ದೊರೆಯುತ್ತದೆ. ಆದ್ದರಿಂದ ದೃಷ್ಟಿ ಮುಂದಿನ ಸೈಟ್‌ನ ಮೇಲಿರಬೇಕು. ಕಪ್ಪು ವೃತ್ತ ಮಸುಕಾಗಿ ಕಂಡರೆ ಬಾಧಕವಿಲ್ಲ. ಅನೇಕರು ಆ ವೃತ್ತದ ಕೆಳಗಿನ ಬಿಳಿ ಭಾಗಕ್ಕೆ ಗುರಿಯಿಡುತ್ತಾರೆ. ಕನಿಷ್ಠ 500 ಗ್ರಾಂ ಒತ್ತಡ ಬೇಡುವ ಟ್ರಿಗರನ್ನು ನೇರವಾಗಿ ಹಿಂದಕ್ಕೆ, ಮೆಲ್ಲನೆ ಒತ್ತಬೇಕು. ಕೆಲವು ಸೆಕೆಂಡುಗಳಲ್ಲಿ ಗುಂಡು ಹಾರದಿದ್ದರೆ ಕೈ ಇಳಿಸಿ ಹೊಸದಾಗಿ ಆರಂಭಿಸುವುದು ಲೇಸು. ಗಡಿಯಾರ ಓಡುತ್ತಿರುವಾಗ ಇದಕ್ಕೆ ಸಂಯಮ ಬೇಕು.

ಕರ್ನಾಟಕದಲ್ಲಿ

ಈ ವಿಭಾಗದಲ್ಲಿ ಕರ್ನಾಟಕದ ಪ್ರಮುಖ ಹೆಸರು ಬೆಂಗಳೂರಿನ ಪ್ರಕಾಶ್ ನಂಜಪ್ಪ. ಕೆನಡಾದಲ್ಲಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದ ಅವರು ತಾಯ್ನಾಡಿಗೆ ಮರಳಿ, ಶೂಟರ್ ಆಗಿದ್ದ ತಂದೆಯ ಹಾದಿ ಹಿಡಿದರು. 2013ರಲ್ಲಿ ಕೊರಿಯಾದ ಚಾಂಗ್ವನ್ ವಿಶ್ವಕಪ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಕಂಚು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರಾನಡಾದಲ್ಲಿ ವಿಶ್ವಕಪ್‌ಗೆ ಹೋಗಿದ್ದಾಗ ಬೆಲ್ಸ್ ಪಾಲ್ಸಿಯಿಂದ ಅವರ ಮುಖದ ಒಂದು ಪಾರ್ಶ್ವ ನಿಶ್ಚೇಷ್ಟಿತವಾಯಿತು. ಕಣ್ಣನ್ನೇ ನಂಬಿದ ಕ್ರೀಡಾಪಟುವಿಗೆ ಇದು ಸಣ್ಣ ಆಘಾತವಲ್ಲ. ಚೇತರಿಸಿಕೊಂಡು 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಪಡೆದರು. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಅವರು ಸ್ಪರ್ಧಿಸಿದ್ದು 50 ಮೀಟರ್ ಪಿಸ್ತೂಲಿನಲ್ಲಿ; ಆ ಸ್ಪರ್ಧೆಯನ್ನು ಅನಂತರದ ಒಲಿಂಪಿಕ್ಸ್‌ನಿಂದ ಕೈಬಿಡಲಾಯಿತು. 2017ರಲ್ಲಿ ಅವರಿಗೆ ಅರ್ಜುನ ಪ್ರಶಸ್ತಿ ಸಂದಿತು.